ಫ್ಯೂಸ್ ಚೆನ್ನಯ್ಯಣ್ಣನ ಜೇಬಿನಲ್ಲಿತ್ತು

ಧನ್ಯಶ್ರೀಯ ಗ್ರಹಚಾರ ನೋಡಿ, ಸಂದರ್ಶನದ ದಿನವೇ ಕರೆಂಟ್ ಇಲ್ಲ. ಹಿಂದಿನ ದಿನದ ಗಾಳಿಗೆ ತೆಂಗಿನ ಮಡಲು ಬಿದ್ದು ತಂತಿ ತುಂಡಾಗಿತ್ತು. ನಾವುಂದ ಊರಿನ ಆ ಲೈನಿನ ಕೊನೆಯಲ್ಲಿ ಇರುವುದೇ ಎರಡು ಮನೆ, ಅವಳದ್ದೊಂದು, ಬೇಲಿಯಾಚೆ ಪದ್ದಕ್ಕನದ್ದೊಂದು. ಬೀಳುವ ಮಡಲಿಗೆ ಬೇರೆ ಜಾಗವೇ ಸಿಗಲಿಲ್ಲವೇ!

ದೊಡ್ಡ ಸಂಸ್ಥೆಯೊಂದರಲ್ಲಿ ಎಲೆಕ್ಟ್ರಿಕಲ್ ಎಂ.ಟೆಕ್. ಸೀಟು. ಗೇಟ್ ಪರೀಕ್ಷೆಯಲ್ಲಿ ಅವಳ ಅಂಕ ಕಟ್‌ಆಫಿನ ಅಂಚಿಗೆ ತಾಗಿಕೊಂಡು ನಿಂತಿತ್ತು, ಹಾಗಾಗಿ ಇನ್ನು ಉಳಿದದ್ದೆಲ್ಲ ಈ ಆನ್‌ಲೈನ್ ಸಂದರ್ಶನದ ಮೇಲೆಯೇ. ಕಳೆದ ವರ್ಷವೂ ಇಲ್ಲಿಯವರೆಗೆ ಬಂದಿದ್ದಳು. ನಡುವೆ ನೆಟ್‌ವರ್ಕ್ ಹೋಗಿ, ಮತ್ತೆ ಸೇರಿಕೊಳ್ಳುವಷ್ಟರಲ್ಲಿ ಅವರು ಮುಂದಿನವರನ್ನು ಕರೆದಾಗಿತ್ತು. ಆ ಮೇಲಿನ ಒಂದು ವರ್ಷವನ್ನು ಅವಳು ಹೇಗೆ ಕಳೆದಳು ಎಂಬುದು ಅವಳಿಗೇ ಗೊತ್ತು. ಮೀನು ಮಾರ್ಕೆಟ್ಟಿನಲ್ಲಿ ಅಮ್ಮ ವನಜಳನ್ನು ಕಂಡವರೆಲ್ಲ "ಮಗ್ಳ್ ಇನ್ನೂ ಮನೇಲೇ ಇತ್ತಾ?" ಎಂದು ಕೇಳುವುದು ತಪ್ಪಲಿಲ್ಲ. ಈ ಸಲ ತಪ್ಪಿದರೆ ಮತ್ತೆ ಓದಿನ ಮಾತೆತ್ತುವುದಿಲ್ಲ ಎಂದು ಅವಳೇ ಬಾಯಿಬಿಟ್ಟು ಹೇಳಿಯೂ ಆಗಿತ್ತು.

ಲೈನ್‌ಮನ್ ಚೆನ್ನಯ್ಯಣ್ಣ ಬೆಳಿಗ್ಗೆಯೇ ಬಂದಿದ್ದ. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಅಂಗಳದಲ್ಲಿ ನಿಂತು ಧೈರ್ಯ ಹೇಳಿದ್ದ.

"ಹೆದ್ರ್‌ಬೇಡ ಹೆಣ್ಣೆ. ಹನ್ನೊಂದ್ ಗಂಟಿ ಒಳ್ಗೆ ಕರೆಂಟ್ ಕೊಡ್ತೆ. ನಮ್ಮೂರಿನ್ ಹೆಣ್ ಕರೆಂಟಿನ್ ಬಗ್ಗೆ ಓದೂದಂದ್ರೆ ನಂಗೆ ಖುಷಿ ಅಲ್ದಾ?"

ಹನ್ನೊಂದಕ್ಕೆ ಸ್ವಲ್ಪ ಮೊದಲು ನೋಡಿದರೆ ಅವನಿನ್ನೂ ತೆಂಗಿನ ಸಾಲಿನ ಆಚೆ ಕಂಬದ ಮೇಲೆಯೇ ಇದ್ದ. ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲುವಂಥದ್ದಲ್ಲ. ಧನ್ಯಶ್ರೀಗೆ ಅಳುವೇ ಬಂತು. ಅಮ್ಮ ಓಡಿಹೋಗಿ ತನ್ನ ತಮ್ಮ ಗುಡ್ಡನನ್ನು ಕರೆತಂದಳು. ಗುಡ್ಡ ಮಾವ ಬಲೆ ರಿಪೇರಿಯ ಶೆಡ್ಡಿನಲ್ಲಿದ್ದ ಸಣ್ಣ ಜನರೇಟರನ್ನು ಹೊತ್ತುಕೊಂಡು ಬಂದು ಹಿತ್ತಲಲ್ಲಿ ಇಳಿಸಿದ. ಎರಡೂ ತುದಿಗೆ ಪ್ಲಗ್ ಇದ್ದ ವಯರಿನ ಒಂದು ಕೊನೆ ಜನರೇಟರಿಗೆ, ಇನ್ನೊಂದು ಕೊನೆ ಅಡುಗೆಮನೆಯ ಪ್ಲಗ್ ಪಾಯಿಂಟಿಗೆ.

ಹಾಗೆ ಮಾಡಬಾರದು ನಿಜ. ಆದರೆ ಅವಸರಕ್ಕೆ ಯಾರು ಮಾಡುವುದಿಲ್ಲ ಹೇಳಿ? ಮೊದಲು ಜಗಲಿಯ ಮೇನ್ ಸ್ವಿಚ್ ಆಫ್ ಮಾಡಿಬಿಟ್ಟರೆ ಜನರೇಟರಿನ ಕರೆಂಟ್ ಮನೆಯೊಳಗೇ ಉಳಿಯುತ್ತದೆ. ಮಾಡದಿದ್ದರೆ ಬಂದ ದಾರಿಯಲ್ಲೇ ಹಿಂದಕ್ಕೆ ಹರಿದು ಕಂಬದ ತಂತಿಗೆ ಹೋಗುತ್ತದೆ. ಮಾವನಿಗೆ ಇದನ್ನು ಕಲಿಸಿಕೊಟ್ಟವಳು ಧನ್ಯಶ್ರೀಯೇ.

"ಮೇನ್ ಆಫ್ ಮಾಡ್ದ್ಯಾ?" ಮಾವ ಹಿತ್ತಲಿನಿಂದ ಕೂಗಿದ.

"ಹ್ಞೂಂ!" ಎಂದಳು. ಅವಳು ಆಗ ಕೋಣೆಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದಳು. ಮಾಡಬೇಕು ಎಂದುಕೊಂಡದ್ದನ್ನು ಮಾಡಿಯಾಯಿತು ಎಂದೇ ನಂಬಿಬಿಟ್ಟಿತ್ತು ಆ ತಲೆ. ಎಂಥ ಬುದ್ಧಿವಂತೆ!

ಜನರೇಟರ್ ಗುಡುಗುಡು ಎಂದಿತು. ವೈಫೈಯ ದೀಪ ಹತ್ತಿತು. ಅವಳು ಬಾಗಿಲು ಹಾಕಿಕೊಂಡು ಕುಳಿತಳು.

ಪರದೆಯ ಮೇಲೆ ಮೂವರು. ಮೊದಲೇ ನಿಯಮ ಓದಿ ಹೇಳಿದರು, ಕ್ಯಾಮೆರಾದ ಎದುರಿನಿಂದ ಏಳುವಂತಿಲ್ಲ, ಬೇರೆಯವರ ಜೊತೆ ಮಾತಾಡುವಂತಿಲ್ಲ, ಎದ್ದರೆ ಸಂದರ್ಶನ ಅಲ್ಲಿಗೇ ಮುಗಿದಂತೆ. ಶುರುವಿನ ಪ್ರಶ್ನೆಗಳು ಅಷ್ಟೇನೂ ಚೆನ್ನಾಗಿ ಹೋಗಲಿಲ್ಲ. ಒಂದು ಲೆಕ್ಕದಲ್ಲಿ ತಡವರಿಸಿದಳು, ಇನ್ನೊಂದಕ್ಕೆ ಗೊತ್ತಿಲ್ಲ ಎಂದಳು. ಬಲಬದಿಯ ಪ್ರೊಫೆಸರು ಗಡಿಯಾರ ನೋಡಿಕೊಂಡರು.

ನಡುವೆ ಕುಳಿತಿದ್ದ ಮೇಡಮ್ಮು ಕೇಳಿದರು, "ಮನೆಮನೆಯ ಛಾವಣಿಯಲ್ಲಿ ಸೋಲಾರ್ ಇದೆ. ಗ್ರಿಡ್ಡಿನ ಕರೆಂಟ್ ಹೋಯಿತು. ಆಗ ಆ ಸೋಲಾರನ್ನೂ ತಕ್ಷಣ ಲೈನಿನಿಂದ ಬಿಡಿಸಬೇಕು ಅನ್ನುತ್ತಾರೆ. ಯಾಕೆ?"

ಅಬ್ಬ, ಗೊತ್ತಿದ್ದ ಪ್ರಶ್ನೆ! ಅವಳ ಪ್ರಾಜೆಕ್ಟೇ ಅದು. ಧನ್ಯಶ್ರೀ ನೆಟ್ಟಗೆ ಕುಳಿತು ಶುರುಮಾಡಿದಳು. ಮೇಡಮ್ಮಿನ ಮುಖ ಅರಳಿತು, ಗಡಿಯಾರ ನೋಡಿದವರೂ ತಲೆ ಎತ್ತಿದರು.

ಅಷ್ಟರಲ್ಲಿ ಬೇಲಿಯಾಚೆಯಿಂದ ಪದ್ದಕ್ಕನ ಧ್ವನಿ ಬಂತು.

"ಹ್ವಾಯ್ ವನಜಕ್ಕಾ, ಕರೆಂಟ್ ಬಂತ್ ಕಾಣಿ! ಬೇಗ ಮಸಾಲೆ ಕಡ್ಕಂತೆ!"

ಪದ್ದಕ್ಕನ ಮನೆಯ ಮಿಕ್ಸಿ ಗರ್ರ್ ಎಂದು ತಿರುಗಿತು. ಅದರ ಜೊತೆಗೇ ತನ್ನ ಮನೆಯ ಹಿತ್ತಲಿನ ಜನರೇಟರ್ ಭಾರ ಹೊತ್ತಂತೆ ಮುಲುಗಿತು.

ಧನ್ಯಶ್ರೀಗೆ ಹೊಳೆಯಿತು. ಕರೆಂಟ್ ಬರಲು ಸಾಧ್ಯವೇ ಇಲ್ಲ. ಫ್ಯೂಸ್ ಚೆನ್ನಯ್ಯಣ್ಣನ ಜೇಬಿನಲ್ಲಿದೆ. ಪದ್ದಕ್ಕನ ಮಿಕ್ಸಿ ತಿರುಗುತ್ತಿರುವುದು ಈ ಮನೆಯ ಕರೆಂಟಿನಲ್ಲಿ. ಮೇನ್ ಆಫ್ ಆಗಿಲ್ಲ. ಕಂಬದ ತಂತಿಯಲ್ಲಿ ಕರೆಂಟ್ ಇದೆ, ಅದರಲ್ಲಿ ಜೀವ ಇಲ್ಲ ಎಂದು ನಂಬಿಕೊಂಡು ಅವನು ಮೇಲಿದ್ದಾನೆ.

"ಹೇಳಿ, ಮುಂದುವರಿಸಿ," ಎಂದರು ಮೇಡಮ್ಮು. "ಬಿಡಿಸದಿದ್ದರೆ ಏನಾಗುತ್ತದೆ?"

ಏಳಬೇಕಿತ್ತು. ಎದ್ದು ಓಡಬೇಕಿತ್ತು, ಬಾಗಿಲು ಬಡಿದು ಅಮ್ಮನನ್ನಾದರೂ ಕೂಗಬೇಕಿತ್ತು. ಅವಳು ಏಳಲಿಲ್ಲ. ಕಳೆದ ವರ್ಷದ ಕಪ್ಪಾದ ಪರದೆ ಕಣ್ಣಿಗೆ ಕಟ್ಟಿತು. ಇನ್ನು ಮೂರೇ ಮೂರು ವಾಕ್ಯ, ಅಷ್ಟರಲ್ಲಿ ಏನಾಗುತ್ತದೆ, ಏನೂ ಆಗುವುದಿಲ್ಲ ಎಂದು ಒಳಗೊಂದು ದನಿ ಬೇಡಿಕೊಂಡಿತು. ಅವಳ ಬಾಯಿ ತನ್ನಷ್ಟಕ್ಕೇ ಹೇಳುತ್ತಾ ಹೋಯಿತು.

"ಲೈನ್ ಸತ್ತಿದೆ ಎಂದು ನಂಬಿ ಒಬ್ಬ ಮನುಷ್ಯ ಅದನ್ನು ಮುಟ್ಟುತ್ತಾನೆ. ಫ್ಯೂಸ್ ಅವನ ಕೈಯಲ್ಲೇ ಇದ್ದರೂ ಪ್ರಯೋಜನವಿಲ್ಲ. ಕರೆಂಟ್ ಬರುತ್ತಿರುವುದು ಅವನು ನೋಡದ ಕಡೆಯಿಂದ."

ಆ ಮಿಕ್ಸಿ ನಿಂತು ಮತ್ತೆ ತಿರುಗಿತು. ಅವಳು ಕೊನೆಯ ವಾಕ್ಯವನ್ನೂ ಬಿಡಲಿಲ್ಲ, ಸುರಕ್ಷತೆಯ ಸಾಧನ ಎಷ್ಟು ಬೇಗ ಕೆಲಸ ಮಾಡಬೇಕು ಎಂಬುದನ್ನೂ ಹೇಳಿದಳು.

"ಬಹಳ ಚೆನ್ನಾಗಿ ಹೇಳಿದಿರಿ," ಎಂದರು ಮೇಡಮ್ಮು. "ಕಣ್ಣಿಗೆ ಕಟ್ಟುವ ಹಾಗೆ ಹೇಳಿದಿರಿ. ನಮ್ಮದಾಯಿತು."

ಪರದೆ ಮುಚ್ಚುವುದಕ್ಕೂ ಕಾಯದೆ ಅವಳು ಓಡಿದಳು. ಜಗಲಿಯ ಮೇನ್ ಎಳೆದಳು. ಪದ್ದಕ್ಕನ ಮಿಕ್ಸಿ ಸುಮ್ಮನಾಯಿತು. ಬರಿಗಾಲಲ್ಲೇ ತೆಂಗಿನ ಸಾಲು ದಾಟಿ ಕಂಬದ ಬುಡಕ್ಕೆ ಬಂದಳು. ಮೇಲೆ ನೋಡುವ ಧೈರ್ಯ ಬರಲಿಲ್ಲ.

"ಎಂತ ಆಯ್ತ್ ಮಗಾ? ಮುಗೀತಾ ಇಂಟರ್‌ವ್ಯೂ?"

ಚೆನ್ನಯ್ಯಣ್ಣ ಕೆಳಗೇ ಇದ್ದ. ತಂತಿ ಎಳೆಯುವ ಹಗ್ಗ ಬೇಲಿಗೆ ಸಿಕ್ಕಿಕೊಂಡಿತಂತೆ, ಬಿಡಿಸಲು ಇಳಿದಿದ್ದನಂತೆ. ಕೈಗವಸುಗಳನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಒಂದು ಕಾಲು ಆಗಲೇ ಏಣಿಯ ಮೇಲಿತ್ತು.

"ಮುಗೀತ್," ಎಂದಳು ಧನ್ಯಶ್ರೀ. ಅಲ್ಲಿಯೇ ಕುಸಿದು ಕುಳಿತು ಅತ್ತಳು. ಸಂದರ್ಶನಕ್ಕೆ ಹೆದರಿ ಅಳುತ್ತಿದ್ದಾಳೆ ಎಂದುಕೊಂಡು ಅವನು ತಲೆ ಸವರಿದ. ಆ ಕೈಯ ಬಿಸಿ ಅವಳಿಗೆ ತಡೆಯಲಾಗಲಿಲ್ಲ.

ಯಾರಿಗೂ ಹೇಳಲಿಲ್ಲ. ಕೆಲವು ವಾರ ಕಳೆದು ಸೀಟು ಸಿಕ್ಕಿದ ಸುದ್ದಿ ಬಂತು. ಅಮ್ಮ ಲಾಡು ಕಟ್ಟಿ ಕೇರಿಗೆಲ್ಲ ಹಂಚಿದಳು. ಆ ಮಧ್ಯಾಹ್ನ ಬೈಕಿನಲ್ಲಿ ಹೋಗುತ್ತಿದ್ದ ಚೆನ್ನಯ್ಯಣ್ಣನನ್ನೂ ಕೂಗಿ ಕರೆದು ಜಗಲಿಯಲ್ಲಿ ಕೂರಿಸಿ, ಚಾ ಮಾಡಲು ಒಳಗೆ ಹೋದಳು.

"ಇಂಟರ್‌ವ್ಯೂನಲ್ಲಿ ಅವ್ರ್ ಎಂತ ಕೇಂಡ್ರ್, ಹೇಳ್ ಕಾಂಬ," ಎಂದ ಅವನು ಲಾಡು ಕಚ್ಚುತ್ತಾ.

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಫ್ಯೂಸ್ ತೆಗ್ದ್ರೂ ಲೈನಿಗ್ ಕರೆಂಟ್ ಬಂದ್ರೆ ಎಂತ ಆತ್ತ್ ಅಂದೇಳಿ ಕೇಂಡ್ರ್."

ಚೆನ್ನಯ್ಯಣ್ಣ ಅಗಿಯುವುದನ್ನು ನಿಲ್ಲಿಸಿದ. ಜಗಲಿಯ ಮೇನ್ ಸ್ವಿಚ್ಚನ್ನು ನೋಡಿದ, ಅವಳನ್ನು ನೋಡಿದ. ಆ ದಿನದ ಜನರೇಟರಿನ ಸದ್ದು, ಬರಿಗಾಲಲ್ಲಿ ಓಡಿಬಂದವಳ ಮುಖ ಅವನಿಗೆ ನೆನಪಾಗಿರಬೇಕು.

"ಆ ದಿನ ಮೇನ್ ಆಫ್ ಆಯಿರ್ಲಿಲ್ಯಾ?"

"ಇಲ್ಲೆ."

"ನಿಂಗೆ ಗೊತ್ತಾಯ್ತಾ?"

"ಗೊತ್ತಾಯ್ತ್."

"ಗೊತ್ತಾದ್ ಕೂಡ್ಲೆ ಓಡಿ ಬಂದೆ, ಅಲ್ದಾ?" ಅವನ ದನಿಯಲ್ಲಿ ಹೌದು ಎನ್ನು ಎಂಬ ಬೇಡಿಕೆ ಇತ್ತು.

"ಇಲ್ಲೆ ಚೆನ್ನಯ್ಯಣ್ಣ. ಉತ್ತರ ಹೇಳಿ ಮುಗ್ಸಿ ಬಂದೆ."

ಅವನು ಕಚ್ಚಿದ ಲಾಡನ್ನು ತಟ್ಟೆಯಲ್ಲಿ ಇಟ್ಟ. ಪ್ಯಾಂಟಿಗೆ ಕೈ ಒರೆಸಿಕೊಂಡ. ಒಂದು ಬೈಗುಳವನ್ನಾದರೂ ಬೈಯಬಾರದೇ ಎಂದು ಅವಳು ಕಾದು ನಿಂತಳು. ಅವನು ಎದ್ದು ಅಂಗಳಕ್ಕಿಳಿದು ಬೈಕಿಗೆ ಕಿಕ್ ಹೊಡೆದ.

"ಚಾ ಕುಡ್ಕಂಡ್ ಹೋಯ್ನಿ!" ಎಂದು ವನಜ ಲೋಟ ಹಿಡಿದುಕೊಂಡು ಹೊರಗೆ ಬಂದಳು. ಅವನು ತಿರುಗಿ ನೋಡಲಿಲ್ಲ.