ಗುಬ್ಬಿ ಎಂಬ ವಿದ್ಯಾರ್ಥಿನಿ

ಏಳೆಂಟ್ಲಿ ಎಷ್ಟು ಎಂದು ಕೇಳಿದಾಗ ತಪ್ಪು ಉತ್ತರ ಕೊಡುವುದು ಬಹಳ ಜವಾಬ್ದಾರಿಯ ಕೆಲಸ. ದೇಶದ ಆಯವ್ಯಯ ಮಂಡಿಸುವವರಿಗೂ ಇಷ್ಟು ಯೋಚನೆ ಬೇಕಾಗಲಿಕ್ಕಿಲ್ಲ. ಬಾಯಿಗೆ ಬಂದ ಸಂಖ್ಯೆ ಹೇಳಿದರೆ ಅದು ಮಗುವಿನ ತಪ್ಪು ಅನ್ನಿಸುವುದಿಲ್ಲ, ದೊಡ್ಡವರ ಉಡಾಫೆ ಅನ್ನಿಸುತ್ತದೆ. ಐವತ್ನಾಲ್ಕು ಎನ್ನಬೇಕು. ಅವಸರದಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿದ ಹಾಗಿರಬೇಕು. ಮೂರನೇ ತರಗತಿಯ ಮಿಸ್ ದಿನವೂ ಸಂಜೆ ತಮ್ಮ ಬಾಡಿಗೆ ಕೋಣೆಯ ಮಂಚದ ತುದಿಯಲ್ಲಿ ಕುಳಿತು ಮೊಬೈಲಿನಲ್ಲಿ ಈ ಜವಾಬ್ದಾರಿ ನಿರ್ವಹಿಸುತ್ತಿದ್ದರು. ವರ್ಷಗಟ್ಟಲೆ ಮಕ್ಕಳ ತಪ್ಪು ತಿದ್ದಿದ ಕೈ. ತಪ್ಪು ಮಾಡುವುದರಲ್ಲಿ ಅವರಷ್ಟು ಪಳಗಿದವರು ಸುತ್ತಮುತ್ತ ಇರಲಿಲ್ಲ.

ಇದಕ್ಕೆಲ್ಲ ಮೂಲ ಒಂದು ಆ್ಯಪ್. ಶಾಲೆಗೆ ಯಾರೋ ದಾನ ಕೊಟ್ಟ ಟ್ಯಾಬುಗಳು ಬೀರುವಿನಲ್ಲಿ ಮಲಗಿದ್ದವು. "ಮಕ್ಕಳಿಗೆ ಏನಾದ್ರೂ ಹಾಕ್ಕೊಡಿ. ಆದ್ರೆ ಫ್ರೀ ಇರೋದೇ ಹುಡುಕಿ" ಎಂದು ಹೆಡ್ ಮೇಡಂ ಅಪ್ಪಣೆ ಕೊಟ್ಟರು. ಮಿಸ್ ಹುಡುಕಿದರು. ಮೊದಲನೆಯದು ಒಂದು ವಾರ ಫ್ರೀ ಎಂದು ಕೂರಿಸಿ, ಮಕ್ಕಳಿಗೆ ರುಚಿ ಹತ್ತಿದ ಮೇಲೆ ಕೈ ಚಾಚಿತು. ಎರಡನೆಯದರಲ್ಲಿ ಲೆಕ್ಕಕ್ಕೊಂದು ಸೋಪಿನ ಜಾಹೀರಾತು ಬಂದು, ಮಕ್ಕಳಿಗೆ ಮಗ್ಗಿಗಿಂತ ಮೊದಲು ಸೋಪು ಬಾಯಿಪಾಠವಾಯಿತು. ಮೂರನೆಯದು ಮಾತ್ರ ಸಭ್ಯ ಮನೆತನದ್ದು. ಅದು ಮಕ್ಕಳ ಹೆಸರು ಕೇಳುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಪ್ರಾಣಿಯ ಚಿತ್ರ ಕೊಡುತ್ತದೆ. ಇಬ್ಬಿಬ್ಬರನ್ನು ಜೋಡಿ ಮಾಡುತ್ತದೆ. ಜೋಡಿ ಸೇರಿ ಲೆಕ್ಕ ಬಿಡಿಸುತ್ತ ಹೊಳೆಗೆ ಸೇತುವೆ ಕಟ್ಟಬೇಕು. ಮಾತು ಬರೆಯಲು ಅವಕಾಶವಿಲ್ಲ, ಬದಲಿಗೆ ಒತ್ತಿ ಕಳಿಸಲು ನಾಲ್ಕೈದು ಸ್ಟಿಕ್ಕರ್ ಇವೆ: ಚಪ್ಪಾಳೆ, ಅಳುಮುಖ, 'ಪರವಾಗಿಲ್ಲ', 'ನಾಳೆ ಬರ್ತೀಯಾ?'. ಯಾರು ಯಾವ ಪ್ರಾಣಿ ಎಂಬುದು ಆಟದ ಗುಟ್ಟು.

ಮಕ್ಕಳಿಗೆ ಪರದೆ ಹೇಗೆ ಕಾಣುತ್ತದೆ ನೋಡೋಣ ಎಂದು ಮಿಸ್ ತಾವೂ ಒಬ್ಬ ವಿದ್ಯಾರ್ಥಿನಿಯಾಗಿ ಸೇರಿಕೊಂಡರು. ಗುಬ್ಬಿಯ ಚಿತ್ರ ಆರಿಸಿದರು. ನೋಡಿಯಾದ ಮೇಲೆ ಅಳಿಸಬೇಕಿತ್ತು, ಮರೆತರು. ಅಷ್ಟರಲ್ಲಿ ಆ್ಯಪ್ ಗುಬ್ಬಿಗೆ ಜೋಡಿ ಗೊತ್ತುಮಾಡಿಬಿಟ್ಟಿತ್ತು. ಜೋಡಿ ಆಮೆ.

ಆಮೆ ಎಂದರೆ ವರ್ಷದ ನಡುವೆ ಬಂದು ಸೇರಿದ ಹುಡುಗಿ. ಹುಲಿ, ಕುದುರೆ, ನವಿಲುಗಳೆಲ್ಲ ಅಷ್ಟರಲ್ಲಿ ಖರ್ಚಾಗಿದ್ದವು. ತರಗತಿಯಲ್ಲಿ ಗೆಳೆತನದ ಸೀಟುಗಳೂ ಹಾಗೆಯೇ, ಮೊದಲ ವಾರದಲ್ಲೇ ಭರ್ತಿಯಾಗಿರುತ್ತವೆ. ಅವಳು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಡಬ್ಬಿಯ ಮುಚ್ಚಳವನ್ನು ಗೋಡೆಯ ಹಾಗೆ ಎತ್ತಿ ನಿಲ್ಲಿಸಿ, ಅದರ ಹಿಂದೆ ಒಬ್ಬಳೇ ಊಟ ಮಾಡುತ್ತಿದ್ದಳು. ಸಂಜೆ ಅಮ್ಮನ ಮೊಬೈಲಿನಲ್ಲಿ ಸೇತುವೆ ಕಟ್ಟುತ್ತಿದ್ದಳು.

ಮೊದಲ ಸಂಜೆ 'ನಾಳೆ ಬರ್ತೀಯಾ?' ಬಂದಾಗ ಮಿಸ್ ಸುಮ್ಮನಿರಬೇಕೆಂದೇ ಇದ್ದರು. ಆದರೆ ಬೆರಳು ಚಪ್ಪಾಳೆ ಒತ್ತಿಬಿಟ್ಟಿತು. ಒಮ್ಮೆ ಬರುತ್ತೇನೆ ಎಂದ ಮೇಲೆ ಹೋಗದಿರುವುದು ಹೇಗೆ? ಹೋದರು. ಆಮೇಲೆ ದಿನಾ ಹೋದರು. ನೆರೆಮನೆಯವರ ಟಿವಿ, ಕೆಳಗಿನ ಅಂಗಡಿಯ ಶಟರ್ ಇಳಿಯುವ ಸದ್ದು, ಕುಕ್ಕರ್ ತಣ್ಣಗಾಗುವ ಟಕ್ ಟಕ್, ಇವುಗಳ ನಡುವೆ ಮೊಬೈಲಿನಿಂದ ಪುಟ್ಟದೊಂದು ಸದ್ದು ಬಂದರೆ ಆಮೆ ಬಂದಳೆಂದು ಅರ್ಥ. ಮಿಸ್ ಅಡುಗೆಯನ್ನು ಅದಕ್ಕಿಂತ ಮೊದಲೇ ಮುಗಿಸಿಕೊಳ್ಳತೊಡಗಿದರು.

ಒಂದು ಭಾನುವಾರ ಅಕ್ಕನ ಫೋನ್ ಬಂತು.

"ಏನೇ ಮಾಡ್ತಿದ್ದೆ?"

"ಮಗ್ಗಿ ಹೇಳ್ತಿದ್ದೆ ಅಕ್ಕಾ."

"ಈ ವಯಸ್ಸಲ್ಲಾ! ಅಲ್ವೇ, ಸಂಜೆ ಹೊತ್ತು ಜೊತೆಗೆ ಅಂತ ಯಾರಾದ್ರೂ ಇದ್ದಾರಾ ನಿಂಗೆ ಅಲ್ಲಿ?"

"ಇದ್ದಾಳೆ ಒಬ್ಳು."

"ಯಾರವಳು? ಹೇಳೇ ಇಲ್ವಲ್ಲ!"

"ಹೇಳೋಕೇನಿದೆ. ಮಾತು ಕಮ್ಮಿ ಅವಳದು."

"ಸದ್ಯ, ನಿನಗೆ ಸರಿಹೋಯ್ತು ಬಿಡು" ಎಂದು ಅಕ್ಕ ಸಮಾಧಾನದಿಂದ ಫೋನಿಟ್ಟಳು.

ತೊಂದರೆ ಶುರುವಾದದ್ದು ತರಗತಿಯಲ್ಲಿ. ಆಟದ ಗುಟ್ಟು ಮೂರನೇ ತರಗತಿಯಲ್ಲಿ ಎಷ್ಟು ದಿನ ನಿಂತೀತು? ಹುಲಿ ಯಾರು, ಮೊಲ ಯಾರು ಎಲ್ಲ ಬಯಲಾಯಿತು. ಗುಬ್ಬಿ ಮಾತ್ರ ಸಿಗಲಿಲ್ಲ. ಆಮೆ ಬೆಂಚಿನಿಂದ ಬೆಂಚಿಗೆ ಹುಡುಕಿಕೊಂಡು ಹೋದಳು.

"ನೀನು ಗುಬ್ಬೀನಾ?"

"ನಾನು ಹುಲಿ ಕಣೇ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಹುಲಿಗೆ ಮುಂದಿನ ಹಲ್ಲೆರಡೂ ಇರಲಿಲ್ಲ. ಎಲ್ಲರೂ ನಕ್ಕರು, ಆಮೆ ನಗಲಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಅದೇ ಹುಲಿ ತಾನಾಗಿ ಬಂದು, "ಬಾರೇ, ಹಗ್ಗದಾಟಕ್ಕೆ ಒಬ್ಳು ಕಮ್ಮಿ" ಎಂದು ಕರೆದಳು. ಆಮೆ ಡಬ್ಬಿಯ ಮುಚ್ಚಳ ಸರಿಪಡಿಸಿಕೊಂಡು, "ಬೇಡ, ನನ್ ಫ್ರೆಂಡ್ ಬರ್ತಾಳೆ" ಎಂದಳು. ವರಾಂಡದಲ್ಲಿ ನಿಂತಿದ್ದ ಮಿಸ್‌ಗೆ ಅದು ಕೇಳಿಸಿತು. ಬಾರದ ಗೆಳತಿಗಾಗಿ ಆ ಮಗು ಬಂದ ಗೆಳತಿಯನ್ನು ವಾಪಸು ಕಳಿಸಿತ್ತು. ಇವತ್ತೇ ಗುಬ್ಬಿಯನ್ನು ಅಳಿಸಿಬಿಡಬೇಕು ಎಂದು ಮಿಸ್ ಗಟ್ಟಿಮನಸ್ಸು ಮಾಡಿದರು. ಸಂಜೆ ಮೊಬೈಲ್ ಸದ್ದು ಮಾಡಿದಾಗ, ಇವತ್ತೊಂದು ದಿನ ಇರಲಿ, ನಾಳೆ ನೋಡಿಕೊಳ್ಳೋಣ ಎಂದುಕೊಂಡರು. ಇಂಥ ನಾಳೆಗಳು ಬಹಳ ಹೋದವು.

ಕೊನೆಗೆ ತೀರ್ಮಾನ ಮಾಡಿದ್ದು ಆ್ಯಪ್. ಗುಂಗುರುಕೂದಲಿನ ಹುಡುಗನೊಬ್ಬ ತರಗತಿಗೆ ಹೊಸದಾಗಿ ಸೇರಿದ. ಅವನನ್ನು ಸೇರಿಸಹೋದರೆ, ಫ್ರೀ ಇರುವುದು ಮೂವತ್ತು ಮಕ್ಕಳಿಗೆ ಮಾತ್ರ ಎಂಬ ವಾಕ್ಯ ತುಂಬು ವಿನಯದಿಂದ ಮೂಡಿತು. ಮಿಸ್ ಹೆಡ್ ಮೇಡಂ ಬಳಿ ಹೋದರು.

"ನಿಮ್ಮಲ್ಲಿದ್ದಿದ್ದು ಇಪ್ಪತ್ತೊಂಬತ್ತು. ಇವನು ಸೇರಿ ಮೂವತ್ತು. ಸರಿಯಾಗೇ ಇದೆಯಲ್ರೀ, ಹೆಚ್ಚಿಗೆ ಯಾರು?"

"ಒಂದು ನಾನು ಮಾಡ್ಕೊಂಡಿದ್ದು ಮೇಡಂ. ಹೇಗಿರುತ್ತೆ ಅಂತ ನೋಡೋಕೆ."

"ಇನ್ನೂ ನೋಡಿ ಆಗಲಿಲ್ವಾ?"

ಮಿಸ್ ತರಗತಿಗೆ ಹೊರಟರು.

ಅಳಿಸಿದರೆ ಆಮೆ ಸಂಜೆ ಖಾಲಿ ಹೊಳೆಯ ದಡದಲ್ಲಿ ಕಾಯುತ್ತಾಳೆ. ಅಳಿಸದಿದ್ದರೆ ಹುಡುಗನಿಗೆ ಜಾಗವಿಲ್ಲ. ಮಿಸ್ ಟೇಬಲ್ಲಿನ ಹತ್ತಿರ ನಿಂತು ಸ್ವಲ್ಪ ಹೊತ್ತು ಸೀಮೆಸುಣ್ಣದ ಪುಡಿ ಒರೆಸಿದರು. ಆಮೇಲೆ ಗುಬ್ಬಿಯನ್ನು ತಮ್ಮ ಮೊಬೈಲಿನಿಂದ ಬಿಡಿಸಿ, ಟ್ಯಾಬಿನಲ್ಲಿ ತೆರೆದು, ಹುಡುಗನ ಕೈಗಿಟ್ಟರು. "ಇದು ನಿಂದು. ನಿನ್ನ ಜೋಡಿ ಆಮೆ. ಚೆನ್ನಾಗಿ ಆಡ್ತಾಳೆ, ಜಗಳ ಆಡ್ಬೇಡ."

ಆಮೆ ತನ್ನ ಟ್ಯಾಬಿನಲ್ಲಿ ಗುಬ್ಬಿ ಆಡಲು ಬಂದಳೆನ್ನುವ ಹಸಿರು ಚುಕ್ಕೆ ಹತ್ತಿದ್ದನ್ನು ಕಂಡು ತಲೆಯೆತ್ತಿ, ಎಲ್ಲರ ಪರದೆಯನ್ನೂ ಇಣುಕುತ್ತ ಬಂದು ಹುಡುಗನ ಬೆನ್ನ ಹಿಂದೆ ನಿಂತಳು.

"ನೀನು ಗುಬ್ಬೀನಾ?"

"ಹೂಂ."

"ಸುಳ್ಳು. ನೀನು ಬಂದಿದ್ದೇ ಇವತ್ತು."

"ಮಿಸ್ ಕೊಟ್ರು. ಬೇಕಾದ್ರೆ ಕೇಳು."

ಅವಳು ಕೇಳಲೆಂದೇ ಟೇಬಲ್ಲಿನ ಬಳಿ ಬಂದಳು. "ಮಿಸ್, ಮೊದ್ಲು ಗುಬ್ಬಿ ಯಾರಾಗಿದ್ಲು?"

ಆ ಗುಬ್ಬಿ ಬೇರೆ ಶಾಲೆಗೆ ಹೋದಳು ಎಂಬ ಉತ್ತರವನ್ನು ಮಿಸ್ ತಯಾರು ಮಾಡಿಟ್ಟುಕೊಂಡಿದ್ದರು. ಆದರೆ ಹುಡುಗಿ ಆಗಲೇ ಒಂದೊಂದೇ ಬೆಂಚಿನ ಕಡೆ ನೋಡುತ್ತ, ಯಾವ ಜಾಗ ಖಾಲಿಯಾಗಿದೆ ಎಂದು ಹುಡುಕುತ್ತಿದ್ದಳು.

"ನಾನೇ ಆಗಿದ್ದೆ ಪುಟ್ಟಿ."

"ನೀವಾ? ಯಾವಾಗ್ಲೂ?"

"ಯಾವಾಗ್ಲೂ."

ಹುಡುಗಿ ಅವರನ್ನು ಸೀರೆಯ ಅಂಚಿನಿಂದ ಕನ್ನಡಕದವರೆಗೆ ಅಳೆದಳು. "ನಂಗೊಬ್ಳು ಫ್ರೆಂಡ್ ಸಿಕ್ಕಿದ್ಲು ಅಂತ ನಮ್ಮಮ್ಮಂಗೆ ಹೇಳ್ಬಿಟ್ಟಿದ್ದೆ. ಈಗ ಏನಂತ ಹೇಳ್ಲಿ?"

"ಮಿಸ್ ಆಗಿದ್ರು ಅಂತ ಹೇಳು."

"ನಗ್ತಾರೆ."

"ತಪ್ಪಾಯ್ತು ಕಣೇ. ಮೊದ್ಲೇ ಹೇಳ್ಬೇಕಿತ್ತು."

ಹುಡುಗಿ ಸ್ವಲ್ಪ ಯೋಚಿಸಿದಳು. "ನಿಮ್ಮನೇಲಿ ಸಂಜೆ ನಿಮ್ ಜೊತೆ ಯಾರೂ ಆಡಲ್ವಾ ಮಿಸ್?"

"ನನಗೆ ಪೇಪರ್ ತಿದ್ದೋದಿರುತ್ತಲ್ಲ" ಎಂದರು ಮಿಸ್.

ಹಿಂದಿನಿಂದ ಹುಡುಗ ಕೂಗಿದ: "ಏಯ್ ಆಮೆ, ಸೇತುವೆ ಬಿದ್ದೋಯ್ತು, ಬೇಗ ಬಾರೇ!"

"ಅವನಿಗೆ ನಾಲ್ಕರ ಮಗ್ಗೀನೂ ಬರಲ್ಲ ಮಿಸ್" ಎಂದು ಆಮೆ ದೂರು ಹೇಳಿದಳು. ದೂರಿನಲ್ಲಿ ಸ್ವಲ್ಪ ಖುಷಿಯೂ ಇತ್ತು. ಹೇಳಿ, ಓಡಿದಳು. ಅವನ ಪಕ್ಕದಲ್ಲಿ ಅರ್ಧ ಬೆಂಚು ಕೇಳಿ ಪಡೆದು ಕೂತಳು.

ಸಂಜೆ ಮಿಸ್ ಶಿಕ್ಷಕರ ಪುಟ ತೆರೆದರು. ಆಮೆ, ಗುಬ್ಬಿ ಇಬ್ಬರ ಚುಕ್ಕೆಗಳೂ ಹಸಿರಾಗಿದ್ದವು. ಶಿಕ್ಷಕರ ಪುಟದಲ್ಲಿ ಮಕ್ಕಳ ಅಂಕಗಳು ಕಾಣುತ್ತವೆ, ಸ್ಟಿಕ್ಕರ್ ಕಾಣುವುದಿಲ್ಲ, ಕಳಿಸಲೂ ಬರುವುದಿಲ್ಲ. ಆ ತಿಂಗಳ ಕೊನೆಯಲ್ಲಿ ಅವರು ತಮ್ಮ ಮೊಬೈಲಿನಿಂದ ಆ್ಯಪ್ ತೆಗೆದುಹಾಕಿದರು.