ಸೊಸೆ ಹೇಳಿದ ಸಿನಿಮಾ

ಶಿವಕುಮಾರಿ ಅವ್ವನ ಕನ್ನಡಕವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು, ಎಲ್ಲರೊಡನೆ ತಾನೂ ಅದನ್ನು ಹುಡುಕುತ್ತಿದ್ದಳು.

ಮಸ್ಕಿಯ ಆ ಮನೆಯ ಪಡಸಾಲೆಯಲ್ಲಿ, ತೀರಿಕೊಂಡ ಅವ್ವ ಸಂಗಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರು ಅಕ್ಕಪಕ್ಕ ಕೂತು ಫೋಟೊ ತೆಗೆಸಿಕೊಳ್ಳಬೇಕಿತ್ತು. ಫೋಟೊದ ನಾಸೀರ್ ಬಂದು ನಿಂತಿದ್ದ. ಕನ್ನಡಕವಿಲ್ಲದೆ ಅತ್ತೆಯ ಮುಖ ಅತ್ತೆಯದು ಅನ್ನಿಸುವುದಿಲ್ಲ ಎಂದವಳು ಸೊಸೆ ಐಶ್ವರ್ಯ. ಹೆತ್ತ ಮಗಳು ಆಡಬೇಕಾದ ಮಾತನ್ನು ಇವಳು ಆಡಿದಳಲ್ಲ ಎಂದು ಶಿವಕುಮಾರಿಗೆ ಉರಿಯಿತು. ಬೆಳಿಗ್ಗೆ ಸಿಂಧನೂರಿನ ತನ್ನ ಮನೆಯಿಂದ ಬಂದವಳೇ ಅವಳು ದಿಂಬಿನ ಪಕ್ಕದಲ್ಲಿದ್ದ ಕನ್ನಡಕವನ್ನು ಎತ್ತಿಕೊಂಡಿದ್ದಳು. ಅವ್ವನದೆನ್ನುವ ಒಂದಾದರೂ ವಸ್ತು ತನ್ನ ಪಾಲಿಗಿರಲಿ ಎಂದು.

ಇನ್ನೂ ಸಿಗಲಿಲ್ಲವೇ ಎಂದು ತಮ್ಮ ಶಿವಕಾಂತ ಹೆಂಡತಿಯ ಮೇಲೆ ರೇಗಿದ.

"ನಾನೇ ಎಲ್ಲೋ ಇಟ್ಟು ಮರತೀನಿ ಕಾಣ್ತದ," ಅಂದಳು ಐಶ್ವರ್ಯ. ಅವಳ ಕಣ್ಣು ಒಮ್ಮೆ ಶಿವಕುಮಾರಿಯ ಸೊಂಟದತ್ತ ಹೋಗಿ ತಿರುಗಿತು.

*

ಸಂಗಮ್ಮ ಮೂವತ್ತು ವರ್ಷ ರೊಟ್ಟಿ ಬಡಿದವಳು. ಒಣಗಿಸಿ ಗರಿಗರಿ ಮಾಡಿದ ಅವಳ ಕಟಕ ರೊಟ್ಟಿ ಬೆಳಗಿನ ಬಸ್ಸಿಗೆ ಲಿಂಗಸುಗೂರಿನ ಖಾನಾವಳಿಗಳಿಗೆ ಹೋಗುತ್ತಿತ್ತು. ಹೋದ ವರ್ಷ ಲಕ್ವ ಹೊಡೆದು ಮಲಗಿದ ಮೇಲೆ, ಐಶ್ವರ್ಯ ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಹಿಂದಿ ಸಿನಿಮಾ ಹಚ್ಚಿ, ಅತ್ತೆಯ ದಿಂಬಿಗೇ ತಲೆಯಿಟ್ಟು, ಕನ್ನಡದಲ್ಲಿ ಹೇಳುತ್ತಿದ್ದಳು. ದಿನಕ್ಕಿಷ್ಟು. ಮುಗಿದರೆ ಮತ್ತೆ ಮೊದಲಿನಿಂದ.

ಒಂದು ಭಾನುವಾರ ಶಿವಕುಮಾರಿ ಬುತ್ತಿ ಕಟ್ಟಿಕೊಂಡು ಬಂದಳು. ಅವ್ವ ಮೊಬೈಲಿನಿಂದ ಕಣ್ಣು ತೆಗೆಯದೆ ಕೈಯೆತ್ತಿ ತಡೆದಳು.

"ತಡಿಬೇ, ಆ ಹಾಳಾದಾಕಿ ಮುದುಕಿ ಕನ್ನಡಕ ಮುಚ್ಚಿಟ್ಟಾಳ."

ಬುತ್ತಿ ಹಿಡಿದುಕೊಂಡು ಶಿವಕುಮಾರಿ ಬಾಗಿಲಲ್ಲೇ ನಿಂತಳು. ಸಿಂಧನೂರಿಗೆ ಮರಳಿ ಆ ಸಿನಿಮಾವನ್ನು ತಾನೇ ಹುಡುಕಿ ನೋಡಿದಳು. ಅದರಲ್ಲಿ ತಾಯಿಯ ಕನ್ನಡಕ, ಗುಳಿಗೆ ಮುಚ್ಚಿಟ್ಟು, ಅವಳಿಗೆ ಹುಚ್ಚೆಂದು ಊರನ್ನೇ ನಂಬಿಸುವವಳು ಹೆತ್ತ ಮಗಳು. ಅಡ್ಡ ನಿಂತು ಕಾಯುವವಳು ಸೊಸೆ. ದಿನಾ ಅವ್ವನ ಕಿವಿಗೆ ಬೀಳುತ್ತಿದ್ದುದು ಇದೇ! ಅಂದಿನಿಂದ ಅವ್ವ ಪ್ರೀತಿಯಿಂದ ನೋಡಿದರೂ ಅದರಲ್ಲಿ ಶಿವಕುಮಾರಿಗೆ ಅನುಮಾನವೇ ಕಾಣುತ್ತಿತ್ತು.

*

ಕನ್ನಡಕ ಹುಡುಕುವ ನೆಪದಲ್ಲಿ ಹಿತ್ತಲಿಗೆ ಹೋದರೆ ಪಕ್ಕದ ಮನೆಯ ಅರ್ಜುಮಂದ್ ಸಿಕ್ಕಳು. ಮಧ್ಯಾಹ್ನ ಅವಳೂ ಸಿನಿಮಾಕ್ಕೆ ಬಂದು ಕೂರುತ್ತಿದ್ದವಳು. ಆ ಸಿನಿಮಾ ತೋರಿಸಿಯೇ ಐಶ್ವರ್ಯ ಅವ್ವನ ಮನಸ್ಸು ಕೆಡಿಸಿದಳು ಎಂದು ಶಿವಕುಮಾರಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಹೊರಹಾಕಿದಳು.

"ನನಗ ಹಿಂದಿ ಬರ್ತದವ್ವ," ಅಂದಳು ಅರ್ಜುಮಂದ್. "ಆಕಿ ಉಲ್ಟಾ ಹೇಳ್ತಿದ್ಲು. ಮಗಳನ್ನ ಸೊಸಿ ಮಾಡಿ, ಸೊಸಿನ್ನ ಮಗಳು ಮಾಡಿ. ಯಾಕಬೇ ಅಂದ್ರ, ನಮ್ಮ ಅತ್ತಿಯವರಿಗೆ ಇರಾಕಿ ಒಬ್ಬಾಕೇ ಮಗಳು, ಸುಮ್ನಿರ್ರಿ ಅಂದ್ಲು. ನಿಮ್ಮವ್ವ ಅಂತೂ, ನಮ್ಮ ಕುಮಾರಿನೂ ಹಿಂಗೇ ಕಾಯ್ತಾಳ ಅಂತಿದ್ಲು."

ಶಿವಕುಮಾರಿಗೆ ಅಳು ಬಂತು. ಅದರ ಬೆನ್ನಿಗೇ ಹೊಟ್ಟೆಕಿಚ್ಚೂ ಬಂತು. ಒಳ್ಳೆಯತನದಲ್ಲೂ ಇವಳೇ ಮುಂದೆ.

ಒಳಗೆ ಬಂದು ಎಲ್ಲರೆದುರು ಕನ್ನಡಕ ಹೊರತೆಗೆದಳು.

"ನಾನೇ ಮುಚ್ಚಿಟ್ಟಿದ್ದೆ. ತಗೋ, ನೀ ಹಾಕು."

"ನೀವೇ ಹಾಕ್ರಿ ಅಕ್ಕ."

ಬಾಯಿಯಲ್ಲಿ ಹಾಗೆಂದರೂ ಐಶ್ವರ್ಯಳ ಕೈ ಮುಂದೆ ಬಂದಿತ್ತು. ಕೊನೆಗೆ ಒಂದು ಕಡ್ಡಿ ಇವಳು ಹಿಡಿದಳು, ಇನ್ನೊಂದು ಅವಳು. ಕನ್ನಡಕ ಸಂಗಮ್ಮನ ಮೂಗಿನ ಮೇಲೆ ಕೂತಿತು.

"ಇಬ್ಬರೂ ಕೈ ತಗೀರಿ," ಅಂದ ನಾಸೀರ್.

ಐಶ್ವರ್ಯ ಶಿವಕುಮಾರಿಯ ಕೈ ನೋಡಿದಳು, ಶಿವಕುಮಾರಿ ಐಶ್ವರ್ಯಳ ಕೈ. ನಾಸೀರ್ ಮತ್ತೊಮ್ಮೆ ಹೇಳಿದ. ಆಮೇಲೆ ಹಾಗೆಯೇ ಫೋಟೊ ತೆಗೆದ.