ಮುಂಬೈ ಕಾರ್ಪೆಟ್ಟಿನ ವಾಸನೆ

ಅಟ್ಟದಿಂದ ಇಳಿಸಿದ ಕಾರ್ಪೆಟ್ಟಿನ ಹಗ್ಗ ಬಿಚ್ಚಿ, ಸುತ್ತಿದ್ದ ನೀಲಿ ಟಾರ್ಪಾಲು ತೆಗೆದದ್ದೇ ತಡ, ಇಡೀ ಚಾವಡಿಯಲ್ಲಿ ಮುಗ್ಗಲು ವಾಸನೆ ಎದ್ದಿತು. ಮಳೆಗಾಲಕ್ಕೆ ಮೂಲೆಗೆ ಬಿಸಾಡಿದ ಒದ್ದೆ ಗೋಣಿಯನ್ನು ಚೌತಿ ಹೊತ್ತಿಗೆ ಎತ್ತಿದರೆ ಬರುತ್ತದಲ್ಲ, ಅದೇ. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಒಣಮೀನು ಮಾರುವ ಈ ಸುಗುಣ ಮೂಗು ಮುಚ್ಚಿಕೊಂಡಳು ಎಂದರೆ ಬೈಂದೂರು ಸಂತೆಯಲ್ಲಿ ಒಬ್ಬರೂ ನಂಬುವುದಿಲ್ಲ.

"ಇದನ್ ಕಟ್ಟಿದ್ ಯಾರ್?" ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದ್ದು.

ನನ್ನ ಗಂಡ ಭೋಜ ಅರ್ಧ ಆಯುಷ್ಯ ದೋಣಿಯ ಮೇಲೆ ಕಳೆದವರು. ಅವರು ಏನನ್ನು ಕಟ್ಟಿದರೂ ಮಳೆಗಾಲಕ್ಕೆ ಬಲೆ ಕಟ್ಟಿಟ್ಟ ಹಾಗೆಯೇ ಕಟ್ಟುವುದು. ಎದೆಯುಬ್ಬಿಸಿ ಹೇಳಿದರು: "ನಾನೇ. ಒಂದ್ ಹನಿ ನೀರ್ ಒಳ್ಗೆ ಹೋಪ್ದಿಲ್ಲೆ, ಹಂಗ್ ಕಟ್ಟಿದ್ದೆ."

"ಒಳ್ಗಿದ್ದ ನೀರ್ ಹೊರ್ಗೆ ಬಪ್ದೂ ಇಲ್ಲೆ ಅಲ್ದಾ ಮಾರಾಯ್ರೆ!"

ಬೇರೆ ಯಾವ ಕಾರ್ಪೆಟ್ಟಾದರೂ ನಾನು ಇಷ್ಟು ಕೂಗಾಡುತ್ತಿರಲಿಲ್ಲ. ಇದು ನಾದಿನಿ ಹರಿಣಾಕ್ಷಿ ಕೊಟ್ಟದ್ದು. ನಾನು ಉಪ್ಪುಂದಕ್ಕೆ ಸೊಸೆಯಾಗಿ ಬಂದಾಗ ಅವಳಿಗೂ ನನ್ನದೇ ಪ್ರಾಯ. ಹಿತ್ತಲಲ್ಲಿ ಇಬ್ಬರೂ ಒಟ್ಟಿಗೆ ಸಿಗಡಿ ಒಣಗಿಸುತ್ತಿದ್ದೆವು. ಸಿಗಡಿಗೆ ನಮ್ಮ ಬಾಯಲ್ಲಿ ಚಟ್ಲಿ ಎಂದು ಹೆಸರು. ಕಾಗೆ ಓಡಿಸುವ ನೆವದಲ್ಲಿ ಅರೆ ಒಣಗಿದ ಚಟ್ಲಿಯನ್ನು ಬಾಯಿಗೆ ಹಾಕಿಕೊಳ್ಳುವುದು, ಅತ್ತೆ ಕೇಳಿದರೆ ಕಾಗೆಯ ಮೇಲೆ ಹೇಳುವುದು. ಆಮೇಲೆ ಅವಳು ಮದುವೆಯಾಗಿ ಮುಂಬೈಗೆ ಹೋದಳು. ನಾವು ಹೊಸ ಮನೆ ಕಟ್ಟಿಸಿದಾಗ ಗೃಹಪ್ರವೇಶಕ್ಕೆಂದು ಇದನ್ನು ರೈಲಿನಲ್ಲಿ ಹೊತ್ತುಕೊಂಡು ಬಂದಿದ್ದಳು. ಕೆಂಪು ಬಣ್ಣ, ನಡುವೆ ಹಳದಿ ಹೂವು, ಮೇಲಿಂದ ಎಂಥ ಸೆಂಟಿನ ಪರಿಮಳ! ಮುಂಬೈಯ ಸಾಮಾನೆಂದರೆ ಹೀಗಿರಬೇಕು ಎಂದುಕೊಂಡು, ಕಾಲ ಧೂಳು ಸಹ ತಾಗಬಾರದೆಂದು ಅದನ್ನು ಅವತ್ತೇ ಸುತ್ತಿಸಿ ಅಟ್ಟಕ್ಕೆ ಹಾಕಿಸಿದೆ.

ಅದೇ ಕೊನೆ, ಹರಿಣಾಕ್ಷಿ ಮತ್ತೆ ಬರಲಿಲ್ಲ. ಫೋನಿನಲ್ಲಿ ಪ್ರತಿ ಸಲ ಒಂದೊಂದು ಸಬೂಬು. ಒಮ್ಮೆ ಮಾತಿನ ನಡುವೆ, ತಮ್ಮ ಕಟ್ಟಡದಲ್ಲಿ ಮೀನು ಹುರಿದರೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ ಎಂದಳು. ನನಗೆ ತಟ್ಟನೆ ಅರ್ಥವಾಯಿತು. ಅವಳ ಮೂಗು ಈಗ ದೊಡ್ಡದಾಗಿದೆ, ಅದಕ್ಕೆ ನನ್ನ ಮನೆ ಹಿಡಿಸುವುದಿಲ್ಲ. ಎಷ್ಟು ನೊಂದುಕೊಂಡೆನೆಂದು ನನಗೇ ಗೊತ್ತು.

ಈಗ ಇದ್ದಕ್ಕಿದ್ದ ಹಾಗೆ ಫೋನು. "ಅತ್ಗಿ, ಕೊಲ್ಲೂರಿಗ್ ಬತ್ತೆ. ಅಲ್ಲೇ ರೂಮ್ ಮಾಡಿದ್ದೆ. ಪೂಜಿ ಮುಗ್ಸಿ, ಸಂಜಿಗ್ ಬಂದ್ ನಿಮ್ ಮುಖ ಕಂಡ್ಕಂಡ್ ಹೋತೆ."

ಮನೆಮಗಳು ಲಾಡ್ಜಿನಲ್ಲಿ ಮಲಗುವುದು, ಅಣ್ಣನ ಮನೆಗೆ ಮುಖ ನೋಡಲು ಬರುವುದು! ನಾನು ಆಗಲೇ ಹಟ ತೊಟ್ಟೆ. ಅವಳು ಕೊಟ್ಟ ಕಾರ್ಪೆಟ್ಟು ಚಾವಡಿಯಲ್ಲಿ ಹಾಸಿರಬೇಕು, ಮನೆಯಲ್ಲಿ ಒಂದು ಕೆಟ್ಟ ವಾಸನೆ ಇರಬಾರದು, ಆ ರಾತ್ರಿ ಅವಳು ಇಲ್ಲೇ ಉಳಿಯಬೇಕು.

ನನ್ನ ಸೊಸೆ ನವ್ಯಾ ಬ್ರಹ್ಮಾವರದ ಹುಡುಗಿ. ಅವಳು ಫೋನಿನಲ್ಲಿ ಹುಡುಕಿ, "ಅತ್ತೆ, ಸೋಡಾಪುಡಿ ಹಾಕುಕ್ ಅಂಬ್ರ್" ಎಂದಳು.

"ಅದ್ ದ್ವಾಸಿಗ್ ಹಾಕುದಲ್ದಾ?" ಎಂದರು ಭೋಜ.

ಸೋಡಾಪುಡಿ ಉದುರಿಸಿ, ಉಜ್ಜಿ, ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಗುಡಿಸಿದರೆ ಪುಡಿ ಹೋಯಿತು, ವಾಸನೆ ಕೂತಲ್ಲೇ ಕೂತಿತ್ತು. ವಿನೆಗರ್ ಚಿಮುಕಿಸಿದೆವು. ಮುಗ್ಗಲಿನ ಜೊತೆಗೆ ಉಪ್ಪಿನಕಾಯಿ ಭರಣಿಯ ವಾಸನೆಯೂ ಸೇರಿಕೊಂಡಿತು. ಸಾಂಬ್ರಾಣಿ ಹೊಗೆ ಹಾಕಿದ ಮೇಲೆ ಭಜನಾ ಮಂದಿರಕ್ಕೆ ನೀರು ನುಗ್ಗಿದ ಹಾಗಾಯಿತು. "ಸಮುದ್ರಕ್ ಹಾಕ್ವ ಮಾರಾಯ್ತಿ, ಮೀನಾರೂ ಮಲ್ಕಂತೊ" ಎಂದು ಭೋಜ ನಕ್ಕರು.

ಆ ನಗು ಕಂಡು ನನಗೆ ಪಿತ್ತ ನೆತ್ತಿಗೇರಿತು. ಕಟ್ಟಿ ಹಾಳು ಮಾಡಿದ್ದೂ ಅವರೇ, ನಗುವುದೂ ಅವರೇ! ಸಿಟ್ಟು ಬಂದರೆ ನನ್ನ ತಲೆ ಚೆನ್ನಾಗಿ ಓಡುತ್ತದೆ. ಕಾರ್ಪೆಟ್ಟಾದರೇನು, ಮೀನಾದರೇನು, ಒಳಗೆ ನೀರು ನಿಂತದ್ದಕ್ಕೇ ತಾನೇ ಹಾಳಾಗುವುದು? ನೀರು ಎಳೆಯುವುದು ಉಪ್ಪು, ಆರಿಸುವುದು ಬಿಸಿಲು. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸ ಬಿಟ್ಟು ನಾನೇಕೆ ದೋಸೆಯ ಸೋಡಾದ ಹಿಂದೆ ಬಿದ್ದೆ?

ಹಿತ್ತಲಲ್ಲಿ ಬಿದಿರಿನ ತಟ್ಟಿಯ ಮೇಲೆ ಒಣಗುತ್ತಿದ್ದ ಚಟ್ಲಿಯನ್ನು ಬಾಚಿ ಬುಟ್ಟಿಗೆ ತುಂಬಿದೆ. ಅದೇ ತಟ್ಟಿಯ ಮೇಲೆ ಕಾರ್ಪೆಟ್ಟು ಹಾಸಿದೆ, ಕೆಳಗಿನಿಂದಲೂ ಗಾಳಿಯಾಡಲಿ ಎಂದು. ಮೀನಿಗೆ ಹಾಕುವ ಕಲ್ಲುಪ್ಪಿನ ಚೀಲ ತಂದು ಮೇಲೆ ಹರವಿದೆ. ಚೌತಿ ಕಳೆದ ಮೇಲಿನ ಬಿಸಿಲೆಂದರೆ ಹೊಸ ಬಿಸಿಲು, ಅದರ ಕೆಲಸವೇ ಬೇರೆ. ಸಂಜೆಗೆ ಉಪ್ಪು ಒದ್ದೆಯಾಗಿ ಮುದ್ದೆ ಕಟ್ಟಿತ್ತು. ಅದನ್ನು ಗುಡಿಸಿ, ಮರುದಿನ ಕಾರ್ಪೆಟ್ಟನ್ನು ಮಗುಚಿ ಹಾಕಿ ಮತ್ತೆ ಉಪ್ಪು ಹಾಕಿದೆ. ಮಧ್ಯಾಹ್ನ ಮೋಡ ಕವಿದಾಗ ಭೋಜ ಟಾರ್ಪಾಲು ಹಿಡಿದು ಓಡಿ ಬಂದರು.

"ಹ್ವಾಯ್, ಮುಚ್ಚಿ ಸಾಕ್! ಕಟ್ಬೇಡಿ!" ಎಂದು ಕೂಗಿದೆ.

ಮೋಡ ಹಾಗೇ ಸರಿದು ಹೋಯಿತು. ಕೊನೆಗೆ ತೆಂಗಿನ ಗರಿಯ ದಂಟಿನಿಂದ ಮೂವರೂ ಸರದಿಯಲ್ಲಿ ಕಾರ್ಪೆಟ್ಟಿಗೆ ಬಡಿದೆವು. ಆಮೇಲೆ ಮೂವರೂ ಮೂಗಿಟ್ಟು ನೋಡಿದೆವು.

"ಹೋಯ್ತ್!" ಎಂದರು ಭೋಜ.

"ಎಂತ ವಾಸ್ನಿಯೂ ಇಲ್ಲೆ ಅತ್ತೆ!" ಎಂದು ನವ್ಯಾ ಕೈ ತಟ್ಟಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಹುಡುಗಿ ಮೂಗಿಗೆ ಬಾಮು ಹಚ್ಚಿಕೊಂಡು ಹಿತ್ತಲಿಗೆ ಬರುತ್ತಿದ್ದಳು. ಅವಳೇ ಹೇಳಿದ ಮೇಲೆ ಇನ್ನೇನು ಎಂದು ನಾನೂ ಖುಷಿಯಲ್ಲಿ ಕುಣಿದುಬಿಟ್ಟೆ. ಕಾರ್ಪೆಟ್ಟನ್ನು ಚಾವಡಿಯಲ್ಲಿ ಹಾಸಿದರೆ ಹಳದಿ ಹೂವು ಹೊಸದರ ಹಾಗೆ ಹೊಳೆಯುತ್ತಿತ್ತು.

ಹರಿಣಾಕ್ಷಿ ಹೇಳಿದ ಹಾಗೆ ಸಂಜೆಗೆ ಬಂದಳು. ಕೂದಲು ಬೆಳ್ಳಗಾಗಿತ್ತು, ನಗು ಮಾತ್ರ ಹಳೆಯದೇ. ಕೊಲ್ಲೂರಿನ ಕುಂಕುಮ ಹಣೆಯಲ್ಲಿತ್ತು, ಕೈಯಲ್ಲಿ ಒಂದು ಸಣ್ಣ ಚೀಲ, ರಾತ್ರಿ ಉಳಿಯುವವರ ಚೀಲವಲ್ಲ. ಹೊಸಿಲು ದಾಟಿದವಳು ಕಾರ್ಪೆಟ್ಟು ಕಂಡು ನಿಂತುಬಿಟ್ಟಳು. ನಗು ಮಾಯವಾಯಿತು, ಮೂಗು ಅರಳಿತು. ಮೊಣಕಾಲೂರಿ ಕೂತು ಹಳದಿ ಹೂವಿನ ಮೇಲೆ ಮುಖ ಇಟ್ಟು ಎಳೆದೆಳೆದು ಮೂಸಿದಳು.

"ಅತ್ಗಿ, ಇದ್ ಒಣ ಚಟ್ಲಿ ವಾಸ್ನಿ ಅಲ್ದಾ?"

ಚಟ್ಲಿ! ಚಟ್ಲಿಯ ತಟ್ಟಿ, ಮೀನಿನ ಉಪ್ಪು, ಚಟ್ಲಿಯಲ್ಲೇ ಬದುಕಿದ ಮೂರು ಮೂಗಿಗೆ ಅದು ಗೊತ್ತಾಗುವುದಾದರೂ ಹೇಗೆ? ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಷ್ಟರಲ್ಲಿ ಅವಳೇ ಮೆಲ್ಲಗೆ ಕೇಳಿದಳು: "ಹಂಗಾರೆ ಆ ಮುಗ್ಗಲು ವಾಸ್ನಿ ಎಲ್ ಹೋಯ್ತ್?"

"ಯಾವ್ ಮುಗ್ಗಲು ವಾಸ್ನಿ? ನಿಂಗ್ ಹೇಳಿದ್ ಯಾರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹರಿಣಾಕ್ಷಿಯ ಮುಖ ಹಾಗೆ ಕೆಂಪಾಯಿತು. ಅವಳು ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲ್ಲ ಹೇಳಿದಳು. ಆ ವರ್ಷ ಮುಂಬೈ ಮಳೆಯ ನೀರು ಅವರ ಮನೆಯೊಳಗೆ ನುಗ್ಗಿ ಕಾರ್ಪೆಟ್ಟು ಮುಳುಗಿತ್ತು. ಒಣಗಿಸಲು ಅಲ್ಲಿ ಅಂಗಳವಿಲ್ಲ, ಬಿಸಿಲೂ ಇಲ್ಲ. ಅಣ್ಣನ ಗೃಹಪ್ರವೇಶಕ್ಕೆ ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲ, ಮನೆಯಲ್ಲಿ ಚಂದದ್ದು ಅಂತ ಇದ್ದದ್ದು ಅದೊಂದೇ.

"ಒಂದ್ ಬಾಟ್ಲಿ ಸೆಂಟ್ ಪೂರ್ತಿ ಹೊಯ್ದ್ ತಂದೆ ಅತ್ಗಿ. ಒಣಮೀನಿನ್ ಮನ್ಯಂಗೆ ಯಾರಿಗ್ ಗೊತ್ತಾತ್ತ್ ಅಂದ್ಕಂಡೆ. ಮತ್ತೆ ನೀವ್ ಫೋನಂಗೆ ಒಂದಿನವೂ ಇದ್ರ್ ಸುದ್ದಿ ಎತ್ಲಿಲ್ಲ. ವಾಸ್ನಿ ಗೊತ್ತಾಯ್ತ್, ಅತ್ಗಿಗ್ ಸಿಟ್ಟ್ ಬಂತ್ ಅಂದೇಳಿ ಹೆದ್ರ್ಕಿ. ಯಾವ್ ಮುಖ ಹೊತ್ಕಂಡ್ ಬಪ್ದ್?"

ನನಗೆ ಸಿಟ್ಟು ಬರಬೇಕಿತ್ತು. ಹುಡುಕಿದೆ, ಸಿಗಲಿಲ್ಲ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ನಾನು ಎಮ್ಮೆಯನ್ನೇ ಅಟ್ಟಕ್ಕೆ ಕಟ್ಟಿ ಹಾಕಿದ್ದೆ. ನನ್ನ ಮನೆಯ ವಾಸನೆಗೆ ಅವಳು ಬರುತ್ತಿಲ್ಲ ಎಂದು ನಾನು, ತನ್ನ ಕಾರ್ಪೆಟ್ಟಿನ ವಾಸನೆಗೆ ನಾನು ಮುನಿದಿದ್ದೇನೆ ಎಂದು ಅವಳು! ನಾನೂ ಅವಳ ಪಕ್ಕ ಕೂತು, ಅವಳಿಗೆ ನನ್ನ ಮನೆಯ ಮೀನಿನ ವಾಸನೆ ಹಿಡಿಸದೆಂದು ನೊಂದುಕೊಂಡದ್ದನ್ನು ಹೇಳಿದೆ. ಇಬ್ಬರ ಕಣ್ಣಲ್ಲೂ ನೀರು.

ಮೂಲೆಯಿಂದ ಭೋಜ ಎದ್ದು ನಿಂತರು. "ಹಂಗಾರೆ ತಪ್ಪ್ ನಂದಲ್ಲ! ನನ್ ಟಾರ್ಪಾಲಿಂದೂ ಅಲ್ಲ! ಎಲ್ಲರೂ ಕೇಣಿ!"

ನವ್ಯಾ ಮೊದಲು ನಕ್ಕಳು, ಆಮೇಲೆ ನಮ್ಮಿಬ್ಬರಿಗೂ ತಡೆಯಲಾಗಲಿಲ್ಲ. ಹರಿಣಾಕ್ಷಿ ಹೊಟ್ಟೆ ಹಿಡಿದುಕೊಂಡು ಕಾರ್ಪೆಟ್ಟಿನ ಮೇಲೆ ಹೊರಳಿದಳು. ಹೊರಳಿದವಳಿಗೆ ಹಳದಿ ಹೂವಿನ ಎಳೆಗಳ ನಡುವೆ ಏನೋ ಕಂಡಿತು. ಉಗುರಿನಿಂದ ಎಬ್ಬಿಸಿ ತೆಗೆದಳು. ಒಂದು ಸಣ್ಣ ಒಣ ಚಟ್ಲಿ. ಉಫ್ ಎಂದು ಊದಿದಳು, ಆ ಕಾಲದಲ್ಲಿ ಅತ್ತೆ ಬಂದರಾ ಎಂದು ನೋಡುತ್ತಿದ್ದ ಹಾಗೆಯೇ ಅತ್ತಿತ್ತ ನೋಡಿ, ಬಾಯಿಗೆ ಹಾಕಿಕೊಂಡಳು.

"ಉಪ್ಪ್ ಒಂಚೂರ್ ಜಾಸ್ತಿ ಆಯ್ತ್, ಅತ್ಗಿ" ಎಂದಳು. ಆಮೇಲೆ ಕಾಲು ಚಾಚಿ ಕೂತು, ಕೊಲ್ಲೂರಿನ ಲಾಡ್ಜಿಗೆ ಫೋನು ಮಾಡಿ ರೂಮು ಬೇಡವೆಂದು ಹೇಳಿದಳು.